ಬದುಕಿಸೀರೇನ್ರಿ ಅಕ್ಕಾರ?

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಮಾತು: "ಮೇಡಂ, ಈಗ ಯಾವ ಲ್ಯಾಂಗ್ವೇಜ್ ಕಲ್ತ್ರ ಛಲೋ ರೀ?" ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಹೊಸದೇನಲ್ಲ. ಕಲಬುರಗಿಯ ಶಹಾಬಜಾರದ ನಮ್ಮ ಓಣಿಯಲ್ಲಿ ಕುಲಕರ್ಣಿಯವರ ಇಂದಿರಾ ಅಂದರೆ ಹಾಲು ಹಾಕುವವನೂ ಎರಡು ಹೆಜ್ಜೆ ಹಿಂದೆ ನಿಂತೇ ಮಾತಾಡುತ್ತಿದ್ದ. ಆದರೆ ಈ ಪ್ರಶ್ನೆಗೆ ಬರುವ ಸಿಟ್ಟಿಗೆ ಕಾರಣ ಇದೆ. ನಾನು ಕೋಬಾಲ್ ಕಲಿತೆ, ಅದು ಹೋಯಿತು. ಫಾಕ್ಸ್‌ಪ್ರೋ ಕಲಿತೆ, ಅದೂ ಹೋಯಿತು. ಆಮೇಲೆ ಕಲಿತದ್ದರ ಹೆಸರು ಈಗ ಬಾಯಿಗೇ ಬರುವುದಿಲ್ಲ. ತಲೆಯಲ್ಲಿ ಉಳಿದವರು ಪಕ್ಕದ ಕುರ್ಚಿಯಲ್ಲಿ ಕೂತವರು. ಯಾರ ಪಕ್ಕದಲ್ಲಿ ಕೂತಿರಿ, ಅವರು ನಿಮಗೇನು ಮಾಡಿದರು, ನೀವು ಅವರಿಗೇನು ಮಾಡಿದಿರಿ, ಇದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಓದುವ ಮನಸ್ಸಿದ್ದರೆ ಓದಿ.

ನಾನು ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮೂವತ್ತು ದಾಟಿದ ಮೇಲೆ, ಎಂಬತ್ತರ ದಶಕದ ನಡುವೆ, ಒಂದು ಸಿಮೆಂಟ್ ಕಂಪನಿಯ ಕಲಬುರಗಿ ಆಫೀಸಿನಲ್ಲಿ ಕಂಪ್ಯೂಟರ್ ಸೆಕ್ಷನ್ ಹೊಸದಾಗಿ ತೆರೆದರು. ಅಲ್ಲಿಗೆ ಸೇರಿದೆ. ಕಂಪನಿಯ ಹೆಸರು ಬೇಡ. ಆಫೀಸು ಸೂಪರ್ ಮಾರ್ಕೆಟ್ಟಿನ ಹತ್ತಿರ ಮೂರನೇ ಮಹಡಿಯಲ್ಲಿತ್ತು. ಕೆಳಗೆ ಆಟೋಗಳ ಗದ್ದಲ, ಸೀರೆ ಅಂಗಡಿಯವರ "ಬರ್ರಿ ಅಕ್ಕಾರ, ಬರ್ರಿ". ಮೇಲೆ ನಮ್ಮ ಕೋಣೆಯಲ್ಲಿ ಏಸಿ. ಆ ಕಾಲದ ಕಲಬುರಗಿಯ ಮೇ ತಿಂಗಳಲ್ಲಿ ಏಸಿ ಅಂದರೇನು ಅಂತ ನಿಮಗೆ ತಿಳಿಯುವುದಿಲ್ಲ. ಬೇಸಿಗೆ ಬಂದರೆ ಸಾಕು, ಎಲ್ಲ ಸೆಕ್ಷನ್ನಿನ ಅಧಿಕಾರಿಗಳಿಗೂ ಕಂಪ್ಯೂಟರಿನಲ್ಲಿ ಅರ್ಜೆಂಟ್ ಕೆಲಸ ಬೀಳುತ್ತಿತ್ತು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಒಳಗೆ ಬಂದು, ಒಂದು ತಾಸು ಸುಮ್ಮನೆ ಕೂತು ಹೋಗುತ್ತಿದ್ದರು.

ನಮ್ಮ ಸಾಹೇಬರು ದೇಶಪಾಂಡೆ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳುತ್ತೇನೆ, ಮುಂದೆ ಹೇಳುವುದನ್ನು ಕೇಳಿ ಬೇರೆ ತಿಳಿಯಬೇಡಿ. ಅವರು ಸ್ಕ್ರೀನ್ ನೋಡಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. "ಪ್ರಿಂಟ್ ತಗೀರಿ ಇಂದಿರಾಬಾಯಿ, ಕಾಗದದಾಗ ನೋಡೋಣು" ಅನ್ನುವರು. ಕಾಗದ ಬಂದರೆ ಕೊನೆಯ ಹಾಳೆ ತಿರುವಿ ಸಹಿ ಹಾಕುವರು. ನಾವಿಬ್ಬರೂ ಮನೆಯಲ್ಲಿ ಮರಾಠಿ ಆಡುವವರು, ಹಾಗಾಗಿ ಏನಾದರೂ ಕೆಟ್ಟರೆ ಅವರು ದನಿ ತಗ್ಗಿಸಿ ಮರಾಠಿಗೆ ಹೊರಳುವರು: "ಜಾಊ ದೇ." ಹೋಗಲಿ ಬಿಡು ಅಂತ. ಹತ್ತು ವರ್ಷದಲ್ಲಿ ಎಷ್ಟು ಸಂಗತಿಗಳನ್ನು ಆ ಎರಡು ಮಾತಿನಲ್ಲಿ ಮುಚ್ಚಿದೆವೋ, ದೇವರೇ ಬಲ್ಲ.

ನನ್ನ ಜೊತೆ ಪ್ರೋಗ್ರಾಂ ಬರೆಯುತ್ತಿದ್ದ ಸಲೀಂ ಬೇರೆ ನಮೂನೆ. ನನಗಿಂತ ಎಂಟು ವರ್ಷ ಚಿಕ್ಕವ, ನನ್ನನ್ನು "ಆಪಾ" ಅನ್ನುತ್ತಿದ್ದ, ಅಕ್ಕ ಅಂತ. ತಲೆ ಅಂದರೆ ತಲೆ, ಆದರೆ ಅವನು ಬರೆದ ಪ್ರೋಗ್ರಾಂ ಅವನ ಅಪ್ಪ ಬಂದರೂ ಓದಲಾಗದು. ಒಂದು ಸಾಲು ವಿವರಣೆ ಬರೆಯುವವನಲ್ಲ. ಲೆಕ್ಕ ಇಡುವ ಜಾಗಗಳಿಗೆ ಚಾಯ್, ಬನ್, ಖಾರಾ ಅಂತ ಹೆಸರು. "ಇದೇನೋ ಸಲೀಂ, ಚಾಯ್ ಮತ್ತು ಬನ್ ಕೂಡಿಸಿದ್ರ ಖಾರಾ ಹೆಂಗ ಆಗ್ತದೋ?" ಅಂತ ಕೇಳಿದರೆ, ಹಣೆ ತಟ್ಟಿಕೊಂಡು "ಇಲ್ಲೇ ಅದ ಆಪಾ, ತಲ್ಯಾಗ ಅದ ಎಲ್ಲಾ" ಅನ್ನುವ. ಮೈಯೆಲ್ಲ ಸೊಕ್ಕು. ಆದರೆ ಅವನ ಒಂದು ಸಂಗತಿ ಹೇಳಲೇಬೇಕು.

ಫ್ಯಾಕ್ಟರಿಯ ಪಾಳಿ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆಯುವ ಪ್ರೋಗ್ರಾಂ ಅವನದು. ಒಂದು ಸಲ ಮೂವತ್ತೊಂದು ದಿನದ ತಿಂಗಳಲ್ಲಿ ಅದು ತಪ್ಪಿ, ಎರಡು ತಂಡಗಳಿಗೂ ಮರುದಿನ ಮುಂಜಾನೆ ಪಾಳಿಯೇ ಬಂತು. ಬೆಳಿಗ್ಗೆ ಎರಡೂ ತಂಡ ಗೇಟಿಗೆ ಬಂದು ನಿಂತಿವೆ, ಕ್ಯಾಂಟೀನಿನ ಉಪ್ಪಿಟ್ಟು ಅರ್ಧ ಮಂದಿಗೆ ಮುಗಿದಿದೆ, ಮಧ್ಯಾಹ್ನಕ್ಕೆ ಯಾರೂ ಇಲ್ಲ. ಫೋನ್ ಮೇಲೆ ಫೋನ್. ದೇಶಪಾಂಡೆ ಸಾಹೇಬರು "ಪ್ರಿಂಟರ್ ಕೆಟ್ಟಿತ್ತು ಅಂತ ಹೇಳ್ರಿ" ಅಂದರು. ಸಲೀಂ ಕಂಪನಿಯ ಬಸ್ಸು ಹತ್ತಿ ಫ್ಯಾಕ್ಟರಿಗೆ ಹೋದ. ಕ್ಯಾಂಟೀನಿನ ಬೆಂಚಿನ ಮೇಲೆ ನಿಂತು, "ಪ್ರಿಂಟರ್ ಬೇಚಾರಾ ಏನ್ ಮಾಡ್ತದ? ಗಲತಿ ನಂದು. ನನ್ನ ಹೆಸರು ಸಲೀಂ. ಬೈಯೋದಿದ್ರ ಇಲ್ಲೇ ಬೈರಿ" ಅಂದನಂತೆ. ಬೈದರು, ತಾಯಿ ತಂದೆಯನ್ನೂ ಬಿಡದೆ ಬೈದರು. ಆಮೇಲೆ ಅವರಲ್ಲೇ ಯಾರೋ ಒಬ್ಬರು ಚಹಾ ತಂದು ಕೊಟ್ಟರು. ನಾವು ಆಫೀಸಿನಲ್ಲಿ ಅವನಿಗೆ ಹುಚ್ಚ ಅಂದೆವು. ನಾನೂ ಅಂದೆ.

ಮೂರನೆಯವನು ಶರಣಪ್ಪ. ಕಮಲಾಪುರದವನು. ಅಲ್ಲಿಂದ ದಿನಾ ಏಳರ ಬಸ್ಸಿಗೆ ಹೊರಟು ಬರುತ್ತಿದ್ದ. ಮೊದಲು ಕಂಪನಿಯಲ್ಲೇ ಟೈಪಿಸ್ಟ್ ಆಗಿದ್ದವನನ್ನು ನಮ್ಮ ಸೆಕ್ಷನ್ನಿಗೆ ಡೇಟಾ ಎಂಟ್ರಿಗೆ ಹಾಕಿದ್ದರು. ಹಾಜರಿ ಪುಸ್ತಕ, ರಜೆ, ವರ್ಗ, ನಿವೃತ್ತಿ, ಎಲ್ಲ ನೌಕರರ ಎಲ್ಲ ವಿವರವನ್ನೂ ಕಂಪ್ಯೂಟರಿಗೆ ತುಂಬುತ್ತಿದ್ದವನು ಅವನೇ. ತುಂಬಿದ ಮೇಲೆ ಪ್ರಿಂಟ್ ತೆಗೆದು, ಬೆರಳಿಟ್ಟು, ಒಂದೊಂದು ಸಾಲನ್ನೂ ಬಾಯಿಬಿಟ್ಟು ಓದಿ ಪುಸ್ತಕಕ್ಕೆ ತಾಳೆ ನೋಡುವನು. ಸಲೀಂ ರೇಗುತ್ತಿದ್ದ: "ಯಜಮಾನ್ರ, ಮಂತ್ರಾ ಹೇಳಾಕತ್ತೀರೇನು?" ಶರಣಪ್ಪ ತಲೆ ಎತ್ತುತ್ತಿರಲಿಲ್ಲ. ಆ ಓದಿನಲ್ಲಿ ಅವನು ಹಿಡಿದ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಪ್ರೋಗ್ರಾಮಿನವು. "ಅಕ್ಕಾರ, ಈ ಮನಷ್ಯಾ ನೌಕರಿಗಿ ಸೇರೋಕಿಂತ ಮೊದಲ ರಿಟೈರ್ ಆಗ್ಯಾನಲ್ರಿ, ಪುಣ್ಯವಂತ ಬಿಡ್ರಿ" ಅಂತ ಮೆಲ್ಲಗೆ ಹೇಳುವನು. ನಾನು ಓಡಿಹೋಗಿ ತಿದ್ದುತ್ತಿದ್ದೆ. ತಿದ್ದಿದ್ದಕ್ಕೆ ನನ್ನ ಹೆಸರೇ, ಅವನದಲ್ಲ. ಮೀಟಿಂಗಿಗೆ ಅವನನ್ನು ಕರೆಯುತ್ತಲೇ ಇರಲಿಲ್ಲ. ಅವನು ಟೆಕ್ನಿಕಲ್ ಅಲ್ಲವಲ್ಲ!

ನೀವು ಹೋಗುವ ಆಫೀಸಿನಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರ ಹುದ್ದೆಯ ಹೆಸರು ಸಣ್ಣದಿರುತ್ತದೆ, ಕೆಲಸವೆಲ್ಲ ಅವರ ಮೇಲೆ ನಿಂತಿರುತ್ತದೆ. ಮೊದಲ ವಾರದಲ್ಲೇ ಅವರು ಯಾರು ಅಂತ ಗುರುತು ಹಿಡಿಯಿರಿ.

ಇನ್ನು ಶರಣಪ್ಪನ ನೌಕರಿ ನಂಬರಿನ ವಿಷಯ. ಹೊಸ ಪ್ರೋಗ್ರಾಂ ಬರೆದರೆ ಪರೀಕ್ಷೆ ಮಾಡಲು ಒಬ್ಬ ನೌಕರ ಬೇಕು. ಸುಳ್ಳು ನೌಕರನನ್ನು ಮಾಡಿ ನೋಡಿದೆವು, ಅವನಿಗೆ ರಜೆ ಇಲ್ಲ, ವರ್ಗ ಇಲ್ಲ, ಮಕ್ಕಳಿಲ್ಲ, ಏನು ಪರೀಕ್ಷೆ ಮಾಡುವುದು? ಆಗ ಶರಣಪ್ಪನೇ ಹೇಳಿದ: "ನನ್ನ ನಂಬರ ಹಾಕ್ರಿ ಅಕ್ಕಾರ. ನನಗ ಎಲ್ಲಾ ಆಗ್ಯಾವ. ವರ್ಗಾ ಆಗ್ಯಾದ, ಟೈಫಾಯ್ಡ್ ಆಗ್ಯಾದ, ಮೂರು ಮಕ್ಕಳು ಆಗ್ಯಾವ. ನಾ ಎಲ್ಲಿಗಿ ಹೋಗ್ತೀನ್ರಿ, ಇಲ್ಲೇ ಇರ್ತೀನಿ." ಅವನ ನಂಬರು ಮುನ್ನೂರಾ ಹನ್ನೆರಡು. ಅಂದಿನಿಂದ ನಮ್ಮ ಸೆಕ್ಷನ್ನಿನ ಪದ್ಧತಿ ಅದೇ ಆಯಿತು. ನಿವೃತ್ತಿ ಪ್ರೋಗ್ರಾಂ ಬಂದರೆ ಶರಣಪ್ಪನಿಗೆ ನಿವೃತ್ತಿ. ವರ್ಗದ ಪ್ರೋಗ್ರಾಂ ಬಂದರೆ ಅವನನ್ನು ಎಲ್ಲೆಲ್ಲಿಗೋ ಎಸೆಯುವುದು. ಸೇವೆಯಲ್ಲಿದ್ದಾಗ ತೀರಿಕೊಂಡವರ ಕುಟುಂಬದ ಪ್ರೋಗ್ರಾಂ ಬರೆದಾಗ ಅವನನ್ನು ಎಷ್ಟು ಸಲ ಸಾಯಿಸಿದೆನೋ!

"ಶರಣಪ್ಪಾ, ಇವತ್ತ ನಿಮ್ಮನ್ನ ಎರಡ ಸರ್ತಿ ಸಾಯ್ಸೀನಿ ನೋಡ್ರಿ" ಅಂತ ನಾನು ನಗುತ್ತಿದ್ದೆ.

"ಸಾಯಸ್ರಿ, ಸಾಯಸ್ರಿ. ಸಂಜಿ ಬಸ್ಸಿನ ಹೊತ್ತಿಗಿ ಬದುಕಿಸಿ ಕಳಸ್ರಿ, ಅಷ್ಟ. ಮನ್ಯಾಗ ಕಾಯ್ತಿರ್ತಾರ."

ತಮಾಷೆಯ ಮಾತಲ್ಲ ಅದು. ಆಗ ನಮ್ಮ ಯಂತ್ರದಲ್ಲಿ ಜಾಗ ಬಹಳ ಕಡಿಮೆ, ಪರೀಕ್ಷೆಯನ್ನೂ ಅಸಲು ಫೈಲಿನಲ್ಲೇ ಮಾಡುತ್ತಿದ್ದೆವು. ಮಾಡಿ ಮುಗಿದ ಮೇಲೆ ಅವನ ವಿವರವನ್ನು ಮೊದಲಿನಂತೆ ತಿದ್ದಿಡಬೇಕು. ಶರಣಪ್ಪ ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳುವನು: "ಬದುಕಿಸೀರೇನ್ರಿ ಅಕ್ಕಾರ?" "ಬದುಕಿಸೀನಿ, ಹೋಗ್ರಿ" ಅಂದ ಮೇಲೆ ಮೆಟ್ಟಿಲಿಳಿಯುವನು. ಆಮೇಲೆ ಹೊಸ ಯಂತ್ರ ಬಂತು, ಪರೀಕ್ಷೆಗೆ ಬೇರೆ ನಕಲು ಫೈಲು ಮಾಡಿದೆವು, ಅಸಲಿನಲ್ಲಿ ಯಾರೂ ಕೈ ಹಾಕಬಾರದು ಅಂತ ಸಲೀಂನೇ ನಿಯಮ ಮಾಡಿದ. ಆದರೂ ಶರಣಪ್ಪನ ಮಾತು ನಿಲ್ಲಲಿಲ್ಲ. ಹಂಗಾಮಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟು, "ತಿನ್ರಿ, ತಿಂದು ಬದುಕಿಸ್ರಿ" ಅನ್ನುವನು. ಹತ್ತು ಹನ್ನೊಂದು ವರ್ಷ ಹೀಗೇ ನಡೆಯಿತು.

ತೊಂಬತ್ತರ ದಶಕದ ಕೊನೆಗೆ ನಮ್ಮ ಕಂಪನಿಯನ್ನು ದೊಡ್ಡದೊಂದು ಕಂಪನಿ ಕೊಂಡಿತು. ಟೈ ಕಟ್ಟಿದ ಮಂದಿ ಬಂದರು. ಎರಡು ದಿನ ಇದ್ದು, ಹಲಗೆಯ ಮೇಲೆ ಚೌಕ ಬರೆದು, ಚೌಕದಿಂದ ಚೌಕಕ್ಕೆ ಗೆರೆ ಎಳೆದು, ಊಟ ಭಾಳ ಖಾರ ಅಂತ ಹೇಳಿ ಹೋದರು. ಇವರೂ ಒಂದು ಬಗೆಯ ಸಹೋದ್ಯೋಗಿಗಳೇ, ನಿಮಗೆ ಸಿಗುತ್ತಾರೆ. ಅವರ ಚೌಕದೊಳಗೆ ಯಾವ ಮನುಷ್ಯ ಕೂತಿದ್ದಾನೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಸಲೀಂ ಅವರ ಜೊತೆ ಜಗಳಾಡಿ, ರಾಜೀನಾಮೆ ಬರೆದುಕೊಟ್ಟು ಹೈದರಾಬಾದಿಗೆ ಹೋದ. ನಾನು ಉಳಿದೆ.

ಆಮೇಲೆ ಆದೇಶ ಬಂತು. ಹೆಚ್ಚುವರಿ ನೌಕರರ ಪಟ್ಟಿ ಬೇಕು. ವಯಸ್ಸು ಇಷ್ಟು, ಓದು ಇಷ್ಟು, ಮೂರು ವರ್ಷದ ಹಾಜರಿ ಇಷ್ಟಕ್ಕಿಂತ ಕಡಿಮೆ ಅಂತ ನಿಯಮ ಕೊಟ್ಟರು. ಪಟ್ಟಿ ತೆಗೆಯುವ ಪ್ರೋಗ್ರಾಂ ನಾನು ಬರೆಯಬೇಕು. ಬರೆದೆ. ಅವರು ಕೇಳಿದ್ದು ಹೆಸರುಗಳನ್ನು ಮಾತ್ರ. ನಾನು ಜಾಣಿ ನೋಡಿ, ಪ್ರತಿ ಹೆಸರಿನ ಮುಂದೆ ಕಾರಣವೂ ಅಚ್ಚಾಗುವ ಹಾಗೆ ಮಾಡಿದೆ. ಯಾರೂ ಕೇಳಿರಲಿಲ್ಲ. ಚೆಂದ ಕಾಣುತ್ತದೆ ಅಂತ ಮಾಡಿದೆ.

ಪಟ್ಟಿ ಕಳಿಸುವ ದಿನ ಶರಣಪ್ಪ ರಜೆಯಲ್ಲಿದ್ದ. ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಕಮಲಾಪುರಕ್ಕೆ ಬರುವವರಿದ್ದರು. ಅವನು ರಜೆ ಹಾಕಿದ್ದೇ ಅಪರೂಪ. ಹಾಜರಿಯ ನಿಯಮ ಸರಿಯಾಗಿ ಹಿಡಿಯುತ್ತದೋ ಇಲ್ಲವೋ ಅಂತ ನನಗೊಂದು ಅನುಮಾನ ಉಳಿದಿತ್ತು. ನಕಲು ಫೈಲಿಗೆ ಜಾಗ ಸಾಲದೆ ಯಂತ್ರ ಮೊಂಡು ಹಿಡಿದಿತ್ತು. ಹಳೆಯ ಕಾಲದಂತೆ ಅಸಲು ಫೈಲನ್ನೇ ತೆರೆದೆ. ಮುನ್ನೂರಾ ಹನ್ನೆರಡು. ಮೂರು ವರ್ಷದ ಹಾಜರಿಯನ್ನು ಅರ್ಧಕ್ಕೆ ಇಳಿಸಿದೆ. ಓಡಿಸಿದೆ. ಶರಣಪ್ಪನ ಹೆಸರು ಬಂತು, ಮುಂದೆ ಕಾರಣ: ಹಾಜರಿ ಅಸಮರ್ಪಕ. ನನಗೆ ಖುಷಿ ಆಯಿತು. ಸುಳ್ಳು ಹೇಳುವುದಿಲ್ಲ, ಖುಷಿಯೇ ಆಯಿತು.

ಅಷ್ಟರಲ್ಲಿ ದೇಶಪಾಂಡೆ ಸಾಹೇಬರು ಬಂದರು. "ಇಂದಿರಾಬಾಯಿ, ಹೆಡ್ ಆಫೀಸಿನವರು ಮಧ್ಯಾಹ್ನದ ಗಾಡಿಗಿ ಹೊಂಟಾರ. ಪಟ್ಟಿ ಕೊಡ್ರಿ, ಲಗೂನ." ಪೂರ್ತಿ ಪಟ್ಟಿ ಓಡಿಸಿದೆ, ಪ್ರಿಂಟ್ ತೆಗೆದೆ, ಫ್ಲಾಪಿಗೆ ಹಾಕಿದೆ. ಸಾಹೇಬರು ಕೊನೆಯ ಹಾಳೆಗೆ ಸಹಿ ಮಾಡಿದರು. ಹೋಯಿತು. ಬೆರಳಿಟ್ಟು ಬಾಯಿಬಿಟ್ಟು ಓದುವವನು ಅವತ್ತು ಇರಲಿಲ್ಲ. ಸಂಜೆ ಯಂತ್ರ ಮುಚ್ಚಿ ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲಲ್ಲಿ ಚೀಲ ಹಾಕಿಕೊಂಡು ನಿಂತು ಕೇಳುವವರು ಯಾರೂ ಇರಲಿಲ್ಲ. ನನಗೂ ನೆನಪಾಗಲಿಲ್ಲ.

ಮರುದಿನ ಶರಣಪ್ಪ ಪೇಡೆ ತಂದ. "ಒಪ್ಯಾರ್ರಿ ಅಕ್ಕಾರ" ಅಂದ. ಎಲ್ಲರೂ ತಿಂದೆವು, ನಾನು ಎರಡು ತಿಂದೆ.

ಮೂರು ವಾರದ ನಂತರ ಪತ್ರಗಳು ಬಂದವು. ಅವನಿಗೂ ಬಂತು. ಮುಂಜಾನೆ ಬಂದು ಕೂತವನಿಗೆ ಲಕೋಟೆ ಕೊಟ್ಟರು, ಗುರುತಿನ ಚೀಟಿ ತೆಗೆದುಕೊಂಡರು, ಇನ್ನು ಯಂತ್ರ ಮುಟ್ಟಬಾರದು ಅಂದರು. ಅವನು ಪತ್ರದ ಮೇಲೆ ಬೆರಳಿಟ್ಟು ಓದಿದ, ಈ ಸಲ ದನಿ ಇರಲಿಲ್ಲ. ನಾನು ನನ್ನ ಟರ್ಮಿನಲ್ಲಿನಲ್ಲಿ ಅವನ ನಂಬರು ತೆಗೆದು ನೋಡಿದೆ. ನಾನು ಹೊಡೆದ ಅಂಕಿಗಳು ಹಾಗೇ ಕೂತಿದ್ದವು.

ದೇಶಪಾಂಡೆ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. "ಇಂದಿರಾಬಾಯಿ, ಒಂದ ಹೆಸರು ತಪ್ಪು ಅಂತ ನಾವ ಬರದ್ರ, ಉಳಿದ ಹೆಸರು ಖರೇ ಅಂತ ಯಾರ ನಂಬ್ತಾರ? ಪಟ್ಟೀನ ತಪ್ಪು ಅಂತಾರ. ನಮ್ಮ ಸೆಕ್ಷನ್ನೇ ಮುಚ್ತಾರ. ನಾ ಮೆಲ್ಲಗ ಮಾತಾಡ್ತೀನಿ, ನೀವು ಬಾಯಿ ತಗೀಬ್ಯಾಡ್ರಿ." ಆಮೇಲೆ ದನಿ ತಗ್ಗಿಸಿ, "ಜಾಊ ದೇ" ಅಂದರು. ಅವರು ಮಾತಾಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆರು ತಿಂಗಳಲ್ಲಿ ಅವರೂ ನಿವೃತ್ತಿಯಾಗಿ ಪುಣೆಗೆ ಹೋದರು. ಆದರೆ ಅವರ ಮೇಲೆ ಹಾಕಿ ನಾನು ಪಾರಾಗುವುದಿಲ್ಲ. ಬಾಯಿ ನನಗೂ ಇತ್ತು. ಹಾಲಿನವನ ಮುಂದೆ ಅಷ್ಟು ದೊಡ್ಡದಾಗಿ ತೆಗೆಯುತ್ತಿದ್ದ ಬಾಯಿ.

ವಾಪಸು ಬಂದು ಏನು ಮಾಡಿದೆ ಗೊತ್ತೇ? ಹಾಜರಿ ಪುಸ್ತಕ ನೋಡಿ ಅವನ ಅಂಕಿಗಳನ್ನು ಸರಿ ಮಾಡಿದೆ. ಅವನನ್ನು ಬದುಕಿಸಿದೆ, ಫೈಲಿನಲ್ಲಿ. ಇನ್ನು ಯಾರು ತೆಗೆದು ನೋಡಿದರೂ ನನ್ನ ತಪ್ಪು ಕಾಣದ ಹಾಗೆ.

ಮಧ್ಯಾಹ್ನ ಶರಣಪ್ಪ ನನ್ನ ಮೇಜಿನ ಹತ್ತಿರ ಬಂದು ನಿಂತ. ಕೂಡ್ರಿ ಅಂದರೂ ಕೂಡಲಿಲ್ಲ. "ಅಕ್ಕಾರ, ಹಾಜರಿ ಕಮ್ಮಿ ಅಂತ ಬರದಾರ್ರಿ. ನಾ ಯಾವಾಗ ತಪ್ಪಸೀನ್ರಿ? ನೀವರ ಒಮ್ಮಿ ತಗದು ನೋಡ್ರಿ."

ನಾನು ಸ್ಕ್ರೀನಿನ ಕಡೆ ಮುಖ ಮಾಡಿಯೇ ಹೇಳಿದೆ: "ಮ್ಯಾಲಿಂದ ಬಂದದ್ದು ಶರಣಪ್ಪಾ. ಕಂಪ್ಯೂಟರ್ ತಗದದ. ನಮ್ಮ ಕೈಯಾಗ ಏನಿಲ್ಲ."

ಅವನು ತನ್ನ ಎರಡು ಕೈಯ ಬೆರಳುಗಳನ್ನು ನೋಡಿಕೊಂಡ. "ನಿಮ್ಮ ಪ್ರೋಗ್ರಾಂ ತಪ್ಪಂಗಿಲ್ಲ ಬಿಡ್ರಿ, ನಾ ನೋಡೀನಲ್ಲ. ಹಾಜರಿ ತುಂಬಿದಾಂವ ನಾನ. ನಾನ ಎಲ್ಲೋ ತಪ್ಪು ಹೊಡದೀನಿ" ಅಂದ. ಚೀಲ ಹೆಗಲಿಗೆ ಹಾಕಿಕೊಂಡ. ಬಾಗಿಲ ಹತ್ತಿರ ನಿಲ್ಲಲಿಲ್ಲ, ಏನೂ ಕೇಳಲಿಲ್ಲ, ಮೆಟ್ಟಿಲಿಳಿದು ಹೋದ. ನಾನು ಎದ್ದು ಹೋಗಿ ಅವನನ್ನು ಕರೆಯಬೇಕಿತ್ತು. ಮೂರು ಮಹಡಿಯ ಮೆಟ್ಟಿಲು, ಕರೆಯಲು ಬೇಕಾದಷ್ಟು ಹೊತ್ತಿತ್ತು.

ಆ ವರ್ಷ ಸಲೀಂ ದರ್ಗಾದ ಉರುಸಿಗೆ ಊರಿಗೆ ಬಂದವನು ಆಫೀಸಿಗೆ ಬಂದ. "ಯಜಮಾನ್ರು ಎಲ್ಲಿ?" ಅಂತ ಶರಣಪ್ಪನ ಕುರ್ಚಿ ನೋಡಿ ಕೇಳಿದ. ಸಾಹೇಬರನ್ನು ಬಿಟ್ಟರೆ ಅವನೊಬ್ಬನಿಗೆ ನಾನು ನಿಜ ಹೇಳಿದೆ. ಚಹಾದ ಕಪ್ಪು ಕೆಳಗಿಟ್ಟ. "ಆಪಾ, ತುಮೆ ಬೋಲೇ ನೈ ಕ್ಯಾ?" ಅಂದ, ನೀವು ಹೇಳಲೇ ಇಲ್ಲವಾ ಅಂತ. "ನೀನ ಹೇಳಿಬಿಡು ಸಲೀಂ, ನಿನಗ ಧೈರ್ಯ ಅದ" ಅಂದೆ, ನಾಚಿಕೆ ಇಲ್ಲದವಳು. ಅವನು ಎದ್ದ. "ಇದು ನಿಮ್ಮ ಬಾಯಿಂದ ಹೋಗಬೇಕಾದ ಮಾತು ಆಪಾ. ನಂದಲ್ಲ." ಚಹಾ ಹಾಗೇ ಉಳಿಯಿತು. ಮತ್ತೆ ಅವನ ಫೋನು ಬರಲಿಲ್ಲ.

ಹೇಳಬೇಕು ಅಂತ ನಾನು ಅಂದುಕೊಂಡ ದಿನಗಳನ್ನೆಲ್ಲ ಬರೆದರೆ ನಿಮಗೆ ಬೇಸರ ಬರುತ್ತದೆ. ದೀಪಾವಳಿ ಆಗಲಿ, ಮಗನ ಪರೀಕ್ಷೆ ಮುಗಿಯಲಿ, ಹೊಸ ಸಾಹೇಬರು ಹೊಂದಿಕೊಳ್ಳಲಿ. ಕಮಲಾಪುರ ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಬೀದರಿಗೆ ಮದುವೆಗೆ ಹೋಗುವಾಗ ಆ ಊರಿನ ಮೇಲೇ ಹೋಗಬೇಕು. ಬಸ್ಸು ಅಲ್ಲಿ ನಿಂತಾಗ ನಾನು ಸೆರಗು ತಲೆ ಮೇಲೆ ಎಳೆದುಕೊಂಡು ನಿದ್ದೆ ಬಂದವರಂತೆ ಕೂಡುತ್ತಿದ್ದೆ. ಹತ್ತು ವರ್ಷ ಹೀಗೆ ಕಳೆದೆ.

ಕೊನೆಗೆ ಕಲಬುರಗಿ ಆಫೀಸನ್ನೇ ಮುಚ್ಚಿದರು. ನನಗೂ ಒಂದು ಪತ್ರ ಬಂತು. ಎಲ್ಲಿಯೋ ಯಾರೋ ಬರೆದ ಪ್ರೋಗ್ರಾಂ ಅಚ್ಚು ಹಾಕಿದ ಪತ್ರ. ಹೆಸರು ಇತ್ತು, ನಂಬರು ಇತ್ತು, ಕಾರಣ ಇರಲಿಲ್ಲ. ನೌಕರಿ ಮುಗಿದ ದುಃಖ ನನಗೆ ಅಷ್ಟಾಗಲಿಲ್ಲ. ಕಾರಣ ಇಲ್ಲದ ಪತ್ರ ಹಿಡಿದು ಕೂತಾಗ, ಶರಣಪ್ಪನ ಪತ್ರದಲ್ಲಿ ಇದ್ದ ಕಾರಣ ನನ್ನದೇ ಶೃಂಗಾರ ಅಂತ ನೆನಪಾಯಿತು. ಅದು ಇರದಿದ್ದರೆ ಅವನು ಬರೀ ಹೆಚ್ಚುವರಿ ಅನ್ನಿಸಿಕೊಂಡು ಮನೆಗೆ ಹೋಗಿರುತ್ತಿದ್ದ. ಕೆಲಸಗಳ್ಳ ಅನ್ನುವ ಹೆಸರು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಅದೇ ವಾರ ಕಮಲಾಪುರದ ಬಸ್ಸು ಹತ್ತಿದೆ.

ರಸ್ತೆ ಬದಿ ಬಾಳೆಹಣ್ಣಿನ ಬುಟ್ಟಿಯವರನ್ನು ಕೇಳಿದೆ, ಮನೆ ತೋರಿಸಿದರು. ಶರಣಪ್ಪ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದ. ಬೆರಳಿಟ್ಟು, ಬಾಯಿಬಿಟ್ಟು. ತಲೆಯೆಲ್ಲ ಬೆಳ್ಳಗಾಗಿತ್ತು. "ಅಯ್ಯಯ್ಯ, ಅಕ್ಕಾರ! ಬರ್ರಿ ಬರ್ರಿ. ಶಾಂತಾ, ಯಾರ ಬಂದಾರ ನೋಡ ಬಾ" ಅಂತ ಎದ್ದ. ಹೆಂಡತಿ ಶಾಂತಮ್ಮ ನೀರು ತಂದಿಟ್ಟು, ನನ್ನನ್ನು ಒಮ್ಮೆ ನೋಡಿ, ಚಹಾಕ್ಕೆ ಒಳಗೆ ಹೋದಳು. ಕೆಲಸ ಹೋದ ಮೇಲೆ ಏನು ಮಾಡಿದಿರಿ ಅಂತ ಕೇಳಿದೆ. ಭಾವಮೈದುನನ ಬಾಳೆ ತೋಟ ನೋಡಿಕೊಂಡಿದ್ದನಂತೆ. ಇಲ್ಲಿಯೇ ಒಂದು ಟೈಪಿಂಗ್ ಕ್ಲಾಸಿನವರು ಕರೆದರಂತೆ, ಹೋಗಲಿಲ್ಲವಂತೆ. "ತಪ್ಪು ಹೊಡಿಯೋ ಕೈ ಅಲ್ರಿ ಅಕ್ಕಾರ, ಮಕ್ಕಳಿಗಿ ಏನ್ ಕಲಸಲಿ?" ಅಂದ ನಗುತ್ತ.

ಆಗ ಹೇಳಿದೆ. ಸುತ್ತಿಬಳಸಲಿಲ್ಲ. ನಕಲು ಫೈಲಿಗೆ ಜಾಗ ಇರಲಿಲ್ಲ ಅಂತ, ಅಸಲು ಫೈಲಿನಲ್ಲಿ ಹೊಡೆದೆ ಅಂತ, ಬದುಕಿಸಲು ಮರೆತೆ ಅಂತ. ಪತ್ರ ಬಂದ ದಿನವೇ ನನಗೆ ಗೊತ್ತಾಗಿತ್ತು, ನಿಮ್ಮ ಮುಖ ನೋಡದೆ ಸುಳ್ಳು ಹೇಳಿದೆ ಅಂತ. ನಾನು ಅತ್ತೆ. ಅವನು ಅಳಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿದ.

"ಹಂಗಾರ ನಾ ತಪ್ಪು ಹೊಡದಿದ್ದಿಲ್ಲ?" ಅಂದ.

"ಇಲ್ಲ ಶರಣಪ್ಪಾ. ಒಂದೂ ಇಲ್ಲ."

"ನನ್ನ ಹಾಜರಿ ಬರೋಬ್ಬರಿ ಇತ್ತು?"

"ಇತ್ತು. ನಾನ ಪುಸ್ತಕ ನೋಡಿ ತಿದ್ದೀನಿ."

ಅವನು ಒಳಗೆ ತಿರುಗಿ ಕರೆದ: "ಶಾಂತಾ, ಒಲಿ ಆರಿಸಿ ಬಾ ಇಲ್ಲಿ." ಅವಳು ಬಂದು ಬಾಗಿಲಲ್ಲಿ ನಿಂತಳು. "ಇನ್ನೊಮ್ಮಿ ಹೇಳ್ರಿ ಅಕ್ಕಾರ. ಈಕಿ ಮುಂದ ಹೇಳ್ರಿ."

ಮೊದಲನೆಯ ಸಲಕ್ಕಿಂತ ಇದು ಕಷ್ಟವಾಯಿತು. ಮೊದಲನೆಯ ಸಲ ನನ್ನ ಮನಸ್ಸು ಹಗುರಾಗಲಿ ಅಂತ ಹೇಳಿದ್ದೆ. ಶಾಂತಮ್ಮ ಕಣ್ಣು ಕೀಳದೆ ಕೇಳಿದಳು. ಕೇಳಿ ಮುಗಿಸಿ ಗಂಡನ ಕಡೆ ನೋಡಲಿಲ್ಲ, ನನ್ನ ಕಡೆಯೇ ನೋಡಿದಳು.

"ಕಾಗದಾ ಓದಿ ಬೀಗರು ಕೇಳಿದ್ರು, ದಿನಾ ಏಳರ ಬಸ್ಸಿಗಿ ಹೋಗಾಂವ ಆಫೀಸಿಗಿ ಹೋಗ್ತಿದ್ದಿಲ್ಲಂದ್ರ ಎಲ್ಲಿಗಿ ಹೋಗ್ತಿದ್ದ ಅಂತ. ಕುಡೀತಾನ ಅಂದ್ರು, ಬ್ಯಾರೆ ಮನಿ ಅದ ಅಂದ್ರು. ಮಗಳ ಸಂಬಂಧ ಮುರೀತು, ಎಷ್ಟೋ ವರ್ಷದ ಮ್ಯಾಲ ಬ್ಯಾರೆ ಕಡಿ ಕೊಟ್ಟಿವಿ. ಅವರಷ್ಟ ಕೇಳಿದ್ರ ನಾ ತಡಕೋತಿದ್ನಿ. ನಾನೂ ಕೇಳಿದ್ನಿ. ಹತ್ತ ವರ್ಷ ಇವರ ಮಾರಿ ನೋಡಿದಾಗೊಮ್ಮಿ ಕೇಳಿದ್ನಿ." ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಇಷ್ಟ ವರ್ಷ ನೀವು ಎಲ್ಲಿದ್ರಿ?"

ಒಂದು ತಾಸಿನ ದಾರಿಯಲ್ಲಿದ್ದೆ.

ಶರಣಪ್ಪ ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ಕಟ್ಟೆಯ ಮೇಲಿಟ್ಟ. "ಬರದು ಕೊಡ್ರಿ" ಅಂದ. "ಮಗಳ ಮನಿಯವರಿಗಿ ತೋರಸ್ತೀನಿ. ಅಣ್ಣತಮ್ಮರಿಗಿ ತೋರಸ್ತೀನಿ." ಬರೆದೆ. ಶರಣಪ್ಪನವರು ಒಂದು ದಿನವೂ ಕಾರಣವಿಲ್ಲದೆ ಕೆಲಸ ತಪ್ಪಿಸಿದವರಲ್ಲ, ದಿನಾಲೂ ಆಫೀಸಿಗೆ ಬರುತ್ತಿದ್ದರು, ಅವರ ಹಾಜರಿಯ ಅಂಕಿ ಕೆಡಿಸಿದವಳು ನಾನು, ಗೊತ್ತಿದ್ದೂ ಮುಚ್ಚಿಟ್ಟವಳು ನಾನು. ಇಂದಿರಾ ಕುಲಕರ್ಣಿ ಅಂತ ಸಹಿ ಮಾಡಿದೆ. ನಾನು ಕೆಲಸಕ್ಕೆ ಸೇರಿದ ಮೇಲೆ ಬರೆದದ್ದರಲ್ಲಿ ಇದೊಂದನ್ನೇ ನಾನು ಸರಿಯಾಗಿ ಬರೆದೆ ಅಂತ ಆ ಹೊತ್ತಿಗೆ ಅನ್ನಿಸಿತು.

ಶರಣಪ್ಪ ಕನ್ನಡಕ ಸರಿಮಾಡಿಕೊಂಡು ಹಾಳೆ ಕೈಗೆ ತೆಗೆದುಕೊಂಡ. ಬೆರಳಿಟ್ಟ. ಬಾಯಿಬಿಟ್ಟು ಒಂದೊಂದೇ ಸಾಲು ಓದಿದ. ಶಾಂತಮ್ಮ ಅವನ ಪಕ್ಕ ಬಂದು ಕೂತು ಕೇಳಿದಳು. ಕೊನೆಯ ಸಾಲಿಗೆ ಬಂದು, ನನ್ನ ಸಹಿಯ ಕೆಳಗೆ ಬೆರಳು ನಿಲ್ಲಿಸಿದ.

"ತಾರೀಖು ಹಾಕಿಲ್ರಿ ಅಕ್ಕಾರ" ಅಂದ.